ಹವಳಕ್ಕೆ ಬೇಕಾದ ಬೆಳಕು, ಕ್ಯಾಮೆರಾ ಕಾಣುವ ಬೆಳಕು

ನಮ್ಮ ಮನೆಯ ಹಜಾರದಲ್ಲಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಸುಮಾರು 180 ಗ್ಯಾಲನ್, ಅಂದರೆ 680 ಲೀಟರ್ ಉಪ್ಪುನೀರು ಹಿಡಿಯುತ್ತದೆ. ಸಂಘದ ಸ್ನೇಹಿತರು ಮನೆಗೆ ಬಂದಾಗ ಮೊದಲು ಕೇಳುವ ಪ್ರಶ್ನೆ, 'ಮೀನು ಎಷ್ಟಿವೆ?' ಮೀನು ಇರುವುದು ಒಂಬತ್ತೇ. ತೊಟ್ಟಿಯನ್ನು ಇಟ್ಟಿರುವುದು ಮೀನಿಗಾಗಿ ಅಲ್ಲ, ಹವಳಕ್ಕಾಗಿ. ಎರಡನೆಯ ಪ್ರಶ್ನೆ, 'ದೀಪ ಯಾಕೆ ಇಷ್ಟು ನೀಲಿ?' ಮೂರನೆಯದು ಫೋನು ತೆಗೆದು ಒಂದೆರಡು ಚಿತ್ರ ಹೊಡೆದ ಮೇಲೆ ಬರುತ್ತದೆ: 'ಕಣ್ಣಿಗೆ ಇಷ್ಟು ಚೆನ್ನಾಗಿ ಕಾಣುವುದು ಫೋಟೋದಲ್ಲಿ ಶಾಯಿ ದವಾತು ಮಗುಚಿದ ಹಾಗೆ ಯಾಕೆ ಬರುತ್ತದೆ?'

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ. ದೀಪದ ವಿಷಯ ಬೇರೆ, ಚಿತ್ರದ ವಿಷಯ ಬೇರೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಹಾಗಲ್ಲ ಎಂದು ಕಲಿತದ್ದು ಒಂದು ತಪ್ಪಿನಿಂದ. ನಮ್ಮ ತೊಟ್ಟಿಯ ಚಿತ್ರಗಳಲ್ಲಿ ಎಲ್ಲರೂ ಹೆಚ್ಚು ಹೊಗಳಿದ ಒಂದು ಚಿತ್ರವಿದೆ. ಅದನ್ನು ತೆಗೆದ ದಿನ ಅದರೊಳಗಿದ್ದ ಹವಳ ಕಾಯಿಲೆ ಬಿದ್ದಿತ್ತು. ಚಿತ್ರ ಅಷ್ಟು ಚೆನ್ನಾಗಿ ಬರಲು ಆ ಕಾಯಿಲೆಯೇ ಒಂದು ಕಾರಣ. ಇದು ಹೇಗೆ ಸಾಧ್ಯ ಎಂದು ವಿವರಿಸಲು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ಪ್ರಾಣಿಯೊಳಗೆ ಪಾಚಿ

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಜೆಲ್ಲಿ ಮೀನಿನ ದೂರದ ಬಂಧುವಾದ ಒಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಬದುಕುತ್ತವೆ. ತಮ್ಮ ಅಡಿಯಲ್ಲಿ ಸುಣ್ಣದ ಅಸ್ಥಿಪಂಜರವನ್ನು ಕಟ್ಟುತ್ತಾ ಹೋಗುತ್ತವೆ. ಆದರೆ ಉಷ್ಣವಲಯದ ತಿಳಿನೀರಿನಲ್ಲಿ ಆಹಾರ ಬಹಳ ಕಡಿಮೆ. ಹಾಗಾಗಿ ದಿಬ್ಬ ಕಟ್ಟುವ ಹವಳಗಳು ತಮ್ಮ ಜೀವಕೋಶಗಳ ಒಳಗೇ ಸೂಕ್ಷ್ಮ ಪಾಚಿಗಳಿಗೆ ಮನೆ ಕೊಟ್ಟಿವೆ. ಜೂಕ್ಸಾಂಥೆಲೇ ಎಂದು ಇವುಗಳ ಹೆಸರು. ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸುತ್ತದೆ, ಅದರ ಬಹುಪಾಲನ್ನು ಹವಳಕ್ಕೆ ಬಾಡಿಗೆಯಾಗಿ ಕೊಡುತ್ತದೆ. ಹವಳದ ದಿನದ ಖರ್ಚಿನ ಹೆಚ್ಚಿನ ಭಾಗ ನಡೆಯುವುದು ಈ ಬಾಡಿಗೆಯಿಂದಲೇ. ಆರೋಗ್ಯವಂತ ಹವಳ ಬಿಳಿ ಬೆಳಕಿನಲ್ಲಿ ಕಂದು ಬಣ್ಣಕ್ಕೆ ಕಾಣುವುದು ಈ ಪಾಚಿಯಿಂದಾಗಿ.

ಆದ್ದರಿಂದ ಹವಳ ಸಾಕುವವನ ಮೊದಲ ಕೆಲಸ ಬೆಳಕು ಸಾಕುವುದು. ಆ ಬೆಳಕು ಎಂಥದಾಗಿರಬೇಕು ಎನ್ನುವುದನ್ನು ಸಮುದ್ರ ನಿರ್ಧರಿಸಿದೆ.

ಸಮುದ್ರದ ನೀಲಿ

1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿಗೆ ಹೋಗಿ 'ನಾರ್ಕುಂಡ' ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಸಮುದ್ರದ ನೀಲಿ ಬರಿಯ ಆಕಾಶದ ಪ್ರತಿಬಿಂಬ ಎಂಬ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. ರಾಮನ್ ನಿಕೋಲ್ ಪ್ರಿಸಂ ಎಂಬ ಸಣ್ಣ ಉಪಕರಣವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಆಕಾಶದ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಗಿ ಕಂಡಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂದು ಅವರು ತೋರಿಸಿದರು. ಮುಂದೆ ನೊಬೆಲ್ ಪ್ರಶಸ್ತಿಗೆ ತಲುಪಿದ ದಾರಿಯಲ್ಲಿ ಅದೊಂದು ಮುಖ್ಯ ಹೆಜ್ಜೆ. 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲೇ ನೆಲೆಸಿದ ಕಾರಣ ಅವರು ನಮ್ಮವರೂ ಹೌದು.

ಚದರುವಿಕೆಯ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ನೀರು ಕೆಂಪು ಬೆಳಕನ್ನು ಬೇಗ ನುಂಗಿಬಿಡುತ್ತದೆ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಭಾಗ ಹೋಗಿರುತ್ತದೆ. ಆಳಕ್ಕೆ ಇಳಿದಂತೆಲ್ಲ ಉಳಿಯುವುದು ನೀಲಿ ಮಾತ್ರ. ಹವಳದೊಳಗಿನ ಪಾಚಿ ಲಕ್ಷಾಂತರ ವರ್ಷಗಳಿಂದ ಈ ನೀಲಿಗೆ ಒಗ್ಗಿಕೊಂಡಿದೆ. ಅದರ ವರ್ಣದ್ರವ್ಯಗಳು ಚೆನ್ನಾಗಿ ಹೀರುವುದು 400ರಿಂದ 500 ನ್ಯಾನೊಮೀಟರ್ ತರಂಗಾಂತರದ ನೇರಳೆ ಮತ್ತು ನೀಲಿಯನ್ನು. ದೀಪ ಯಾಕೆ ನೀಲಿ ಎಂಬ ಪ್ರಶ್ನೆಗೆ ಇದು ಉತ್ತರ. ನಮ್ಮ ಅಲಂಕಾರಕ್ಕೆ ಹಾಕಿದ ಬಣ್ಣ ಅದಲ್ಲ, ಹವಳದ ಊಟ.

ದೀಪ ಬದಲಾದ ಬಗೆ

ನಾನು ತೊಟ್ಟಿ ಆರಂಭಿಸಿದಾಗ ಎಲ್ಲರೂ ಬಳಸುತ್ತಿದ್ದದ್ದು ಮೆಟಲ್ ಹ್ಯಾಲೈಡ್ ದೀಪ. ನಮ್ಮಲ್ಲಿ 400 ವ್ಯಾಟ್‌ನವು ಮೂರಿದ್ದವು. ದಿನಕ್ಕೆ ಎಂಟು ಗಂಟೆ ಉರಿದರೆ 9.6 ಯೂನಿಟ್ ವಿದ್ಯುತ್ತು. ಅವುಗಳ ಶಾಖಕ್ಕೆ ನೀರು ಬಿಸಿಯಾಗುತ್ತಿದ್ದರಿಂದ ಅದನ್ನು ತಣಿಸಲು ಇನ್ನೊಂದು ಯಂತ್ರ, ಅದಕ್ಕೆ ಮತ್ತೆ ವಿದ್ಯುತ್ತು. ವರ್ಷ ತುಂಬುವುದರೊಳಗೆ ಬಲ್ಬಿನ ಬೆಳಕು ಕುಗ್ಗಿ ಬಣ್ಣ ಬದಲಾಗುತ್ತಿತ್ತು, ಹೊಸದನ್ನು ಕೊಳ್ಳಬೇಕಿತ್ತು.

ಎಲ್‌ಇಡಿ ಈ ಚಿತ್ರವನ್ನು ಬದಲಿಸಿತು. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಎಷ್ಟೋ ದಶಕಗಳಿಂದ ಇದ್ದವು. ಪ್ರಖರವಾದ ನೀಲಿ ಎಲ್‌ಇಡಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಹರಳಿನಿಂದ ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ದೊರೆಯಿತು. ನಮ್ಮ ಅಡುಗೆಮನೆಯ ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಎಲ್‌ಇಡಿಯೇ; ಅದರ ಮೇಲೆ ಬಳಿದ ಹಳದಿ ರಂಜಕದ ಲೇಪ ನೀಲಿಯ ಒಂದು ಭಾಗವನ್ನು ಹಳದಿಯಾಗಿ ಮಾರ್ಪಡಿಸುತ್ತದೆ, ಎರಡೂ ಸೇರಿ ಬಿಳಿಯಾಗಿ ಕಾಣುತ್ತದೆ. ಹವಳಕ್ಕೆ ನೀಲಿಯೇ ಬೇಕಾದ್ದರಿಂದ ಆ ಮಾರ್ಪಾಟಿನ ನಷ್ಟವೂ ಇಲ್ಲ.

ಈಗ ನಮ್ಮ ತೊಟ್ಟಿಯ ಮೇಲೆ ತಲಾ 180 ವ್ಯಾಟ್‌ನ ಮೂರು ಎಲ್‌ಇಡಿ ದೀಪಗಳು ನೀರಿನಿಂದ ಒಂದು ಅಡಿ ಮೇಲೆ ತೂಗುತ್ತವೆ. ಒಂದೊಂದರಲ್ಲೂ ನೇರಳೆ, ಗಾಢ ನೀಲಿ, ನೀಲಿ, ಬಿಳಿ ಹೀಗೆ ಬೇರೆ ಬೇರೆ ಸಾಲುಗಳಿವೆ. ಪ್ರತಿಯೊಂದನ್ನೂ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು. ಬೆಳಿಗ್ಗೆ ಮೆಲ್ಲನೆ ನೀಲಿ ಏರುತ್ತದೆ, ನಡುಹಗಲು ಬಿಳಿ ಸೇರುತ್ತದೆ, ಸಂಜೆ ಮತ್ತೆ ನೀಲಿಗೆ ಇಳಿದು ಆರುತ್ತದೆ. ಸರಾಸರಿ ಅರ್ಧ ಶಕ್ತಿಯಲ್ಲಿ ಹತ್ತು ಗಂಟೆ ನಡೆದರೆ 2.7 ಯೂನಿಟ್. ತಣಿಸುವ ಯಂತ್ರ ಈಗ ಗ್ಯಾರೇಜಿನಲ್ಲಿ ಧೂಳು ಹಿಡಿಯುತ್ತಿದೆ.

ಒಂದೇ ದೀಪವನ್ನು ನಡುವೆ ತೂಗುಹಾಕುವ ಬದಲು ಮೂರನ್ನು ಹಂಚಿ ಹಾಕಲು ಕಾರಣವಿದೆ. ಎಲ್‌ಇಡಿಯ ಬೆಳಕು ಸಣ್ಣ ಬಿಂದುವಿನಿಂದ ಹೊರಡುತ್ತದೆ. ಕವಲೊಡೆದ ಹವಳದ ಮೇಲ್ಭಾಗಕ್ಕೆ ಬೆಳಕು ಬಿದ್ದರೆ ಕೆಳಗಿನ ಕವಲು ಪೂರ್ತಿ ನೆರಳಿನಲ್ಲಿ ಉಳಿದು ಸಾಯುತ್ತದೆ. ಹಲವು ಕೋನಗಳಿಂದ ಬೆಳಕು ಬರಬೇಕು. ನಮ್ಮ ಅಜ್ಜಿಯ ತೊಟ್ಟಿಮನೆಯಲ್ಲಿ ಅಂಗಳದ ಆಕಾಶದಿಂದ ಬಿದ್ದ ಬೆಳಕು ನಾಲ್ಕೂ ಜಗುಲಿಗೆ ಹಂಚಿಹೋಗುತ್ತಿತ್ತಲ್ಲ, ಹಾಗೆ.

ಕಣ್ಣನ್ನು ನಂಬಿ ಕೆಟ್ಟದ್ದು

ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದ ಮೊದಲ ಸಂಜೆ ನನಗೆ ನಿರಾಶೆಯಾಯಿತು. ತೊಟ್ಟಿ ಮಂಕಾಗಿ ಕಂಡಿತು. ಇಷ್ಟು ಕಡಿಮೆ ಬೆಳಕಿನಲ್ಲಿ ಹವಳ ಉಪವಾಸ ಬೀಳುತ್ತದೆ ಎಂದುಕೊಂಡು ನೀಲಿ ಸಾಲುಗಳನ್ನು ಪೂರ್ತಿ ನೂರಕ್ಕೆ ಏರಿಸಿದೆ.

ಇಲ್ಲಿ ಮೋಸ ಮಾಡಿದ್ದು ನನ್ನ ಕಣ್ಣು. ಮನುಷ್ಯನ ಕಣ್ಣಿಗೆ ಹಗಲಿನಲ್ಲಿ ಅತ್ಯಂತ ಪ್ರಖರವಾಗಿ ತೋರುವುದು 555 ನ್ಯಾನೊಮೀಟರಿನ ಹಳದಿ ಮಿಶ್ರಿತ ಹಸಿರು. ಅಷ್ಟೇ ಶಕ್ತಿಯ 450 ನ್ಯಾನೊಮೀಟರಿನ ನೀಲಿ ಬೆಳಕು ನಮಗೆ ಅದರ ನೂರಕ್ಕೆ ನಾಲ್ಕರಷ್ಟು ಮಾತ್ರ ಪ್ರಖರವಾಗಿ ಕಾಣುತ್ತದೆ. ನಮಗೆ ಬೆಳದಿಂಗಳಂತೆ ತೋರುವುದು ಪಾಚಿಗೆ ಮಟಮಟ ಮಧ್ಯಾಹ್ನವಾಗಿರಬಹುದು.

ಆದ್ದರಿಂದ ಹವಳಕ್ಕೆ ಬೀಳುವ ಬೆಳಕನ್ನು ಕಣ್ಣಿನಿಂದ ಅಳೆಯುವಂತಿಲ್ಲ. ಅದಕ್ಕೆ ಬೇರೆ ಅಳತೆಗೋಲಿದೆ. 400ರಿಂದ 700 ನ್ಯಾನೊಮೀಟರ್ ನಡುವಿನ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆ ಎಂದು ಎಣಿಸುತ್ತಾರೆ. ಇದನ್ನು ಹವ್ಯಾಸಿಗಳು 'ಪಾರ್' ಎನ್ನುತ್ತಾರೆ, ಮಾನ ಮೈಕ್ರೊಮೋಲ್. ಉಷ್ಣವಲಯದ ನಡುಹಗಲ ಬಿಸಿಲು ಸುಮಾರು 2000. ಮನೆಯ ತೊಟ್ಟಿಯಲ್ಲಿ ಮೆದು ಹವಳಗಳಿಗೂ ದೊಡ್ಡ ಪಾಲಿಪ್‌ನ ಹವಳಗಳಿಗೂ 50ರಿಂದ 150 ಸಾಕು. ಆಕ್ರೊಪೋರಾದಂಥ ಸಣ್ಣ ಪಾಲಿಪ್‌ನ ಕವಲು ಹವಳಗಳಿಗೆ 200ರಿಂದ 350 ಬೇಕು. ಹಾಗಾಗಿ ಕವಲು ಹವಳಗಳು ಬಂಡೆಯ ತುದಿಯಲ್ಲಿ, ಮೆದು ಹವಳಗಳು ಬುಡದಲ್ಲಿ ಇರುತ್ತವೆ.

ಪಾರ್ ಮೀಟರಿನ ಬೆಲೆ ಕೆಲವು ನೂರು ಡಾಲರ್. ಇಷ್ಟೆಲ್ಲ ಖರ್ಚು ಮಾಡಿದವನಿಗೆ ಅದೊಂದು ದುಂದು ಎನಿಸಿ ಕೊಂಡಿರಲಿಲ್ಲ. 'ಆನೆ ಕೊಂಡವನಿಗೆ ಅಂಕುಶ ಕೊಳ್ಳಲು ಜಿಪುಣತನ' ಎಂದು ನನ್ನ ಹೆಂಡತಿ ಆಮೇಲೆ ಹೇಳಿದ್ದು ಸರಿಯಾಗಿಯೇ ಇತ್ತು.

ಹೊಳೆದ ಹವಳ

ದೀಪ ಬದಲಾಯಿಸಿ ಎರಡು ವಾರವಾಗುವಷ್ಟರಲ್ಲಿ ಆಕ್ರೊಪೋರಾ ಹಿಂದೆಂದೂ ಕಾಣದ ಹಾಗೆ ಹೊಳೆಯತೊಡಗಿತು. ಕವಲುಗಳೆಲ್ಲ ಗಿಳಿಹಸಿರು, ತುದಿಗಳಲ್ಲಿ ನೇರಳೆ. ಆಗ ಹೈಸ್ಕೂಲಿನಲ್ಲಿದ್ದ ಮಗಳು ಮಸೂರದ ಮುಂದೆ ಕಿತ್ತಳೆ ಬಣ್ಣದ ಫಿಲ್ಟರ್ ಇಟ್ಟು ಚಿತ್ರ ತೆಗೆದಳು. ಯುಗಾದಿ ಕೂಟದಲ್ಲಿ ಅದನ್ನು ನೋಡಿದವರೆಲ್ಲ ಪ್ರತಿ ಕೇಳಿದರು. ದೊಡ್ಡದಾಗಿ ಮುದ್ರಿಸಿ ಹಜಾರದಲ್ಲಿ ತೂಗುಹಾಕಿದೆವು.

ಈ ಹೊಳಪಿಗೆ ಪ್ರತಿದೀಪ್ತಿ ಎಂದು ಹೆಸರು. ಹವಳದ ಚರ್ಮದಲ್ಲಿರುವ ಕೆಲವು ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಹಸಿರು, ಕಿತ್ತಳೆ ಅಥವಾ ಕೆಂಪು ಬೆಳಕನ್ನು ಹೊರಸೂಸುತ್ತವೆ. ಇಂಥ ಮೊದಲ ಪ್ರೋಟೀನನ್ನು ಒಸಾಮು ಶಿಮೊಮುರಾ 1962ರಲ್ಲಿ ಒಂದು ಜೆಲ್ಲಿ ಮೀನಿನಿಂದ ಬೇರ್ಪಡಿಸಿದರು. 2008ರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚಿಯೆನ್ ಅವರೊಂದಿಗೆ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು. ಜೀವಕೋಶದೊಳಗಿನ ಚಟುವಟಿಕೆಯನ್ನು ಕಣ್ಣಾರೆ ನೋಡಲು ಇಂದು ಪ್ರಯೋಗಾಲಯಗಳು ಬಳಸುವ ಕೆಂಪು ಪ್ರೋಟೀನೊಂದು ಸಿಕ್ಕಿದ್ದು ಡಿಸ್ಕೊಸೋಮಾ ಎಂಬ ಜೀವಿಯಲ್ಲಿ. ಅಣಬೆಯ ಆಕಾರದ ಆ ಜೀವಿ ನಮ್ಮ ತೊಟ್ಟಿಯ ಮೂಲೆಯಲ್ಲೂ ಇದೆ.

ಆ ವರ್ಷ ಬೇಸಿಗೆಗೆ ಅಮ್ಮ ಊರಿನಿಂದ ಬಂದಿದ್ದರು. ತೊಟ್ಟಿಯ ಹಿಂದೆ ಬಿದ್ದ ಕನ್ನಡಕದ ಪೆಟ್ಟಿಗೆ ಹುಡುಕಲು ಫೋನಿನ ಟಾರ್ಚ್ ಹಾಕಿದವರು ಹಾಗೇ ನಿಂತರು. 'ಇದು ಹೋದ ಸಲ ಕಾಫಿಪುಡಿ ಬಣ್ಣ ಇತ್ತಲ್ಲೋ, ಈಗ ಯಾಕೋ ಬಿಳಿಚಿಕೊಂಡಿದೆ' ಎಂದರು. ನೀಲಿ ದೀಪ ಆರಿಸಿ ಬಿಳಿ ಬೆಳಕಿನಲ್ಲಿ ನೋಡಿದೆ. ಕವಲುಗಳ ಮೇಲ್ಭಾಗದಲ್ಲಿ ಕಂದು ಬಣ್ಣ ಉಳಿದಿರಲಿಲ್ಲ. ತೆಳು ಚರ್ಮದ ಅಡಿಯಿಂದ ಸುಣ್ಣದ ಬಿಳುಪು ಇಣುಕುತ್ತಿತ್ತು.

ಬೆಳಕು ಅತಿಯಾದಾಗ ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ತಾಳಲಾರದೆ ಆಮ್ಲಜನಕದ ಹಾನಿಕಾರಕ ರೂಪಗಳನ್ನು ಉತ್ಪಾದಿಸುತ್ತದೆ. ಆಗ ಹವಳ ತನ್ನ ಬಾಡಿಗೆದಾರನನ್ನೇ ಹೊರಹಾಕುತ್ತದೆ. ಇದೇ ಬಿಳಿಚುವಿಕೆ. ಪಾಚಿ ಹೋದ ಮೇಲೆ ಒಳಗೆ ಬರುವ ಬೆಳಕನ್ನು ಹೀರುವವರಿಲ್ಲ. ಅದು ಬಿಳಿ ಅಸ್ಥಿಪಂಜರಕ್ಕೆ ಬಡಿದು ಮತ್ತೆ ಮತ್ತೆ ಪ್ರತಿಫಲಿಸುತ್ತದೆ. ಹೆಚ್ಚಿದ ನೀಲಿ ಬೆಳಕಿಗೆ ಉತ್ತರವಾಗಿ ಕೆಲವು ಹವಳಗಳು ಕೊಡೆ ಹಿಡಿದಂತೆ ಬಣ್ಣದ ಪ್ರೋಟೀನುಗಳನ್ನು ಇನ್ನೂ ಹೆಚ್ಚು ತಯಾರಿಸುತ್ತವೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಹವಳ ಪ್ರಯೋಗಾಲಯದ ವಿಜ್ಞಾನಿಗಳು 2020ರಲ್ಲಿ ಈ 'ಬಣ್ಣದ ಬಿಳಿಚುವಿಕೆ'ಯ ಕಾರಣವನ್ನು ವಿವರಿಸಿದರು. ಪೆಟ್ಟು ತೀವ್ರವಾಗಿರದಿದ್ದಾಗ ಇದು ಕಾಣಿಸುತ್ತದೆ, ಈ ಕೊಡೆಯ ನೆರಳು ಪಾಚಿ ಮರಳಿ ಬರಲು ನೆರವಾಗಬಹುದು ಎಂಬುದು ಅವರ ವಿವರಣೆ. ಅಂದರೆ ನಾವು ಚೌಕಟ್ಟು ಹಾಕಿಸಿದ ಹೊಳಪು ಹವಳದ ಮಟ್ಟಿಗೆ ಸಹಾಯದ ಕೂಗು.

ಮರುದಿನವೇ ಊರಿನ ಹವ್ಯಾಸಿಗಳ ಕ್ಲಬ್ಬಿನಿಂದ ಪಾರ್ ಮೀಟರ್ ಎರವಲು ತಂದೆ. ಬಂಡೆಯ ತುದಿಯಲ್ಲಿ 600 ದಾಟಿತ್ತು. ದೀಪವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಆಮೇಲೆ ವಾರಕ್ಕೆ ನೂರಕ್ಕೆ ಐದರಷ್ಟು ಮಾತ್ರ ಏರಿಸುತ್ತಾ 280ಕ್ಕೆ ತಂದು ನಿಲ್ಲಿಸಿದೆ. ಎರಡು ಹವಳಗಳು ಉಳಿಯಲಿಲ್ಲ. ಉಳಿದವಕ್ಕೆ ಕಂದು ಬಣ್ಣ ಮರಳಲು ನಾಲ್ಕು ತಿಂಗಳು ಹಿಡಿಯಿತು.

ಕ್ಯಾಮೆರಾದ ಕಷ್ಟ

ಈಗ ಮೂರನೆಯ ಪ್ರಶ್ನೆಗೆ ಬರೋಣ. ನಮ್ಮ ಮಿದುಳು ನೀಲಿ ಬೆಳಕಿಗೆ ಕೆಲವೇ ನಿಮಿಷದಲ್ಲಿ ಹೊಂದಿಕೊಂಡು ಬಣ್ಣಗಳನ್ನು ಸರಿಪಡಿಸಿ ತೋರಿಸುತ್ತದೆ. ಕ್ಯಾಮೆರಾದಲ್ಲಿ ಈ ಕೆಲಸವನ್ನು ಮಾಡುವ ವೈಟ್ ಬ್ಯಾಲೆನ್ಸ್ ಸಾಮಾನ್ಯವಾಗಿ 10,000 ಕೆಲ್ವಿನ್‌ಗೆ ನಿಂತುಬಿಡುತ್ತದೆ. ತೊಟ್ಟಿಯ ನೀಲಿ ಅದನ್ನೂ ಮೀರಿದ್ದು. ಜೊತೆಗೆ ಕ್ಯಾಮೆರಾದ ಸಂವೇದಕ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲಿನಲ್ಲಿ ಬೆಳಕನ್ನು ಹಿಡಿಯುತ್ತದೆ. ನೀಲಿಯ ಪಾತ್ರೆ ತುಂಬಿ ಹೊರಚೆಲ್ಲುವ ಹೊತ್ತಿಗೆ ಕೆಂಪು, ಹಸಿರಿನ ಪಾತ್ರೆಗಳ ತಳವೂ ಒದ್ದೆಯಾಗಿರುವುದಿಲ್ಲ. ಹೊರಚೆಲ್ಲಿದ್ದನ್ನು ಕಂಪ್ಯೂಟರಿನಲ್ಲಿ ಮರಳಿ ತುಂಬಲಾಗದು.

ಇದಕ್ಕೆ ನಾವು ಅನುಸರಿಸುವ ಕ್ರಮ ಹೀಗಿದೆ. ಮೊದಲು ಗಾಜನ್ನು ಒಳಗೂ ಹೊರಗೂ ಒರೆಸುವುದು. ನೀರು ಕದಡುವ ಪಂಪುಗಳನ್ನು ಹತ್ತು ನಿಮಿಷ ನಿಲ್ಲಿಸುವುದು. ಚಿತ್ರ ಮುಗಿದ ಮೇಲೆ ಮತ್ತೆ ಹಾಕಲು ಮರೆಯಬಾರದು. ಕೋಣೆಯ ದೀಪ ಆರಿಸಿ, ಕಪ್ಪು ಅಂಗಿ ತೊಟ್ಟು ನಿಂತರೆ ಗಾಜಿನಲ್ಲಿ ನಮ್ಮದೇ ಪ್ರತಿಬಿಂಬ ಬೀಳುವುದಿಲ್ಲ. ಕ್ಯಾಮೆರಾ ಗಾಜಿಗೆ ನೇರವಾಗಿ, ಲಂಬವಾಗಿ ಇರಬೇಕು. ಓರೆಯಾಗಿ ಹಿಡಿದರೆ ಗಾಜು ಮತ್ತು ನೀರಿನ ವಕ್ರೀಭವನದಿಂದ ಅಂಚುಗಳಲ್ಲಿ ಬಣ್ಣದ ಗೆರೆ ಮೂಡಿ ಚಿತ್ರ ಮಸುಕಾಗುತ್ತದೆ. ರಾಮನ್ ಅವರ ಪ್ರಿಸಂನ ವಂಶದ್ದೇ ಆದ ಪೋಲರೈಸರ್ ಫಿಲ್ಟರ್ ಓರೆ ನೋಟದ ಪ್ರತಿಫಲನವನ್ನು ಕಳೆಯಬಲ್ಲದು. ಮೇಲಿನಿಂದ ಓರೆಯಾಗಿ ನೀರಿನೊಳಗಿನದನ್ನು ತೆಗೆಯುವಾಗ ಉಪಯೋಗಕ್ಕೆ ಬರುತ್ತದೆ, ಗಾಜಿಗೆ ನೇರವಾಗಿ ನಿಂತಾಗ ಪ್ರಯೋಜನವಿಲ್ಲ.

ಹವಳಕ್ಕೆ ಟ್ರೈಪಾಡ್, 100 ಮಿಲಿಮೀಟರ್ ಮ್ಯಾಕ್ರೊ ಮಸೂರ ಮತ್ತು ಎಫ್ 8ರ ಸುತ್ತಿನ ದ್ವಾರ ಒಪ್ಪುತ್ತದೆ. ಮೀನಿಗೆ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ವೇಗದ ಷಟರ್ ಬೇಕು. ಮಬ್ಬುಗೊಳಿಸಿದ ಎಲ್‌ಇಡಿಗಳು ನಮಗೆ ಕಾಣದ ವೇಗದಲ್ಲಿ ಮಿಟುಕುವುದರಿಂದ ಫೋನಿನ ಚಿತ್ರಗಳಲ್ಲಿ ಕೆಲವೊಮ್ಮೆ ಅಡ್ಡ ಪಟ್ಟೆಗಳು ಬರುತ್ತವೆ. ಷಟರ್ ನಿಧಾನ ಮಾಡಿದರೆ ಅವು ಹೋಗುತ್ತವೆ. ಚಿತ್ರವನ್ನು ರಾ ರೂಪದಲ್ಲಿ ಉಳಿಸಿ, ನೀಲಿಯ ಹಿಸ್ಟೋಗ್ರಾಂ ಬಲಗೋಡೆಗೆ ತಾಗದಂತೆ ಸ್ವಲ್ಪ ಕತ್ತಲೆಯಾಗಿಯೇ ತೆಗೆಯಬೇಕು. ಫೋನ್ ಮಾತ್ರ ಇರುವವರು ಮಸೂರಕ್ಕೆ ಸಿಕ್ಕಿಸುವ ಕಿತ್ತಳೆ ಅಥವಾ ಹಳದಿ ಫಿಲ್ಟರ್ ಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಅದು ದೀಪದ ನೀಲಿಯನ್ನು ತಡೆದು ಹವಳ ಹೊರಸೂಸಿದ ಹಸಿರು, ಕೆಂಪನ್ನು ಮಾತ್ರ ಒಳಬಿಡುತ್ತದೆ.

ಎರಡು ಬಗೆಯ ಚಿತ್ರ

ಫಿಲ್ಟರಿನ ಗುಣವೇ ಅದರ ದೋಷ ಎಂಬುದು ಈಗ ಓದುಗರಿಗೆ ಹೊಳೆದಿರಬಹುದು. ಅದು ಹವಳದ ಹೊಳಪನ್ನು ತೋರಿಸುತ್ತದೆ, ಪಾಚಿಯ ಕಂದನ್ನು ಮರೆಸುತ್ತದೆ. ಆದ್ದರಿಂದ ನಾವು ಈಗ ಎರಡು ಬಗೆಯ ಚಿತ್ರ ತೆಗೆಯುತ್ತೇವೆ. ಒಂದು ನೋಡಿ ಸಂತೋಷಪಡಲು. ಇನ್ನೊಂದು ದಾಖಲೆಗೆ.

ದಾಖಲೆಯ ಚಿತ್ರಕ್ಕೆ ಪ್ರತಿ ತಿಂಗಳ ಮೊದಲ ಭಾನುವಾರ ಐದು ನಿಮಿಷ ನೀಲಿ ಇಳಿಸಿ ಬಿಳಿ ಸಾಲನ್ನು ಏರಿಸುತ್ತೇವೆ. ನೆಲದ ಮೇಲೆ ಟೇಪು ಅಂಟಿಸಿದ ಅದೇ ಜಾಗದಲ್ಲಿ ಟ್ರೈಪಾಡ್. ಅದೇ ಷಟರ್, ಅದೇ ದ್ವಾರ, ಅದೇ ಐಎಸ್‌ಒ. ಹವಳದ ಪಕ್ಕದಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇಟ್ಟು ಅದರಿಂದಲೇ ವೈಟ್ ಬ್ಯಾಲೆನ್ಸ್ ಹೊಂದಿಸುತ್ತೇವೆ. ಹೋದ ತಿಂಗಳಿನ ಚಿತ್ರದ ಪಕ್ಕದಲ್ಲಿಟ್ಟರೆ ಕಣ್ಣಿಗೆ ಗೊತ್ತಾಗದ ಬದಲಾವಣೆಯೂ ತಿಳಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಕೋರಲ್‌ವಾಚ್ ಯೋಜನೆ ಇದೇ ತತ್ತ್ವದ ಮೇಲೆ ನಡೆಯುತ್ತಿದೆ. ಕೈಯಲ್ಲಿ ಹಿಡಿಯುವ ಒಂದು ಬಣ್ಣದ ಪಟ್ಟಿಯ ಜೊತೆ ಹವಳವನ್ನು ಹೋಲಿಸಿ, ಗಾಢತೆಯನ್ನು 1ರಿಂದ 6ರವರೆಗೆ ಗುರುತಿಸುತ್ತಾರೆ. ಮಕ್ಕಳೂ ಮಾಡಬಹುದಾದ ಕೆಲಸ ಅದು.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಎರಡು ಮಾತು. ಹೊಸ ದೀಪವನ್ನು ಮೂರನೇ ಒಂದು ಭಾಗದಿಂದ ಆರಂಭಿಸಿ, ಮೀಟರಿನಿಂದ ಅಳೆದು ಏರಿಸಿ. ಮೀಟರನ್ನು ಕೊಳ್ಳಬೇಕಿಲ್ಲ, ಎರವಲು ಸಿಗುತ್ತದೆ. ಸಮುದ್ರದಿಂದ ಕಿತ್ತು ತಂದ ಹವಳದ ಬದಲು ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳನ್ನು ಕೊಳ್ಳಿ. ಊರಿನ ಕೆಲವು ಬಂಧುಗಳು 'ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಹವಳ ಇದೆಯಲ್ಲ, ಒಂದು ತುಂಡು ತಂದರೆ ಸಾಲದೇ?' ಎಂದು ಕೇಳುತ್ತಾರೆ. ಸಾಲದು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಹವಳಗಳನ್ನು ಕೀಳುವುದು ಅಪರಾಧ. ಅಲ್ಲಿಗೆ ಹೋಗಿ ಮುಳುಗಿ ನೋಡಿ ಬರುವುದೇ ಸರಿ.

ನಮ್ಮ ಹವಳ ಬಿಳಿಚಿದ್ದು ಬೆಳಕಿನಿಂದ. ಸಮುದ್ರದಲ್ಲಿ ಈಗ ಅವು ಬಿಳಿಚುತ್ತಿರುವುದು ಮುಖ್ಯವಾಗಿ ನೀರಿನ ತಾಪ ಏರಿದ್ದರಿಂದ. ಪ್ರಪಂಚದ ಸಮುದ್ರಗಳಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ನನ್ನ ತೊಟ್ಟಿಗೆ ತಿರುಗಿಸಲು ಒಂದು ಗುಂಡಿಯಿತ್ತು, ಹಾಗಾಗಿ ಉಳಿಯಿತು.

ಮಗಳು ತೆಗೆದ ಆ ಹಸಿರು ಚಿತ್ರವನ್ನು ಗೋಡೆಯಿಂದ ಇಳಿಸಿಲ್ಲ. ಅದರ ಪಕ್ಕದಲ್ಲಿ ಅದೇ ಹವಳದ, ನಾಲ್ಕು ತಿಂಗಳ ನಂತರ ಬಿಳಿ ಬೆಳಕಿನಲ್ಲಿ ತೆಗೆದ ಇನ್ನೊಂದು ಚಿತ್ರವಿದೆ. ಬಂದವರೆಲ್ಲ ಮೊದಲನೆಯದರ ಮುಂದೆ ನಿಲ್ಲುತ್ತಾರೆ. ಅಮ್ಮ ಪ್ರತಿ ಸಲ ಬಂದಾಗ ಎರಡನೆಯದನ್ನು ನೋಡುತ್ತಾರೆ. 'ಇದೇ ಸರಿಯಾದ ಬಣ್ಣ ಕಣೋ, ಕಾಫಿಪುಡಿ' ಎನ್ನುತ್ತಾರೆ.